ಪುಸ್ತಕ ನೋಡಿ ನುಡಿಸಿದವಳು

ನಮ್ಮ ವಿಶ್ವವಿದ್ಯಾಲಯದಲ್ಲಿ ಪಿಯಾನೋ ಎಂ.ಎ. ಮಾಡುವವರು ಕೊನೆಗೊಂದು ಕಛೇರಿ ಕೊಡಬೇಕು, ಅದೂ ಸ್ವರ ಬರೆದ ಪುಸ್ತಕ ನೋಡದೆ. ಪುಸ್ತಕ ಇಡುವ ಹಲಗೆಯನ್ನೇ ಪಿಯಾನೋದಿಂದ ಕಳಚಿ ಒಳಗಿಟ್ಟುಬಿಡುತ್ತಾರೆ. ಹಾಡುವವರ ಜೊತೆ ನುಡಿಸುವಾಗ ಪುಸ್ತಕ ಇರಬಹುದು, ಒಬ್ಬರೇ ನುಡಿಸುವಾಗ ಇರಬಾರದು. ಯಾಕೆ ಎಂದು ಕೇಳಿದರೆ ಹಿಂದಿನಿಂದಲೂ ಹಾಗೇ ಎನ್ನುತ್ತಾರೆ. ಅಪ್ಪ ನೆಟ್ಟ ಆಲದ ಮರ ಅಂತ ಅದಕ್ಕೇ ನೇಣು ಹಾಕಿಕೊಳ್ಳುವ ಜನ.

ಕಛೇರಿಗೆ ತಿಂಗಳ ಮುಂಚೆ ನಡೆದ ತಾಲೀಮಿನಲ್ಲಿ ನಾನು ಕೆಟ್ಟೆ. ನಾನು ನುಡಿಸಬೇಕಿದ್ದ ಸೊನಾಟಾ ಎಂಬ ಉದ್ದನೆಯ ಕೃತಿಯ ಮೊದಲ ಭಾಗವನ್ನು ಎರಡು ಸಲ ನುಡಿಸಿ ಮುಂದಕ್ಕೆ ದಾಟಬೇಕು. ಆ ಭಾಗದ ಕೊನೆಯಲ್ಲಿ ಹಿಂದಕ್ಕೆ ಒಯ್ಯುವ ತಿರುವಿಗೂ ಮುಂದಕ್ಕೆ ಒಯ್ಯುವ ತಿರುವಿಗೂ ಕೆಲವೇ ಸ್ವರಗಳ ವ್ಯತ್ಯಾಸ. ನಾನು ಎರಡನೇ ಸಲ ಮುಗಿದಾಗಲೂ ಹಿಂದಕ್ಕೇ ಹೋದೆ, ಮೂರನೇ ಸಲವೂ. ನಾಲ್ಕನೇ ಸಲವೂ. ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವಳನ್ನು ನಮಗೆ ಕಲಿಸುವ ಪ್ರೊಫೆಸರ್ ಕೈಯೆತ್ತಿ ನಿಲ್ಲಿಸಿದರು.

“ಇನ್ನೂ ಉರು ಹೊಡೀಬೇಕಮ್ಮ,” ಅಂದರು.

ಉರು ಹೊಡೆದೂ ಹೊಡೆದೂ ನಾನು ಬತ್ತಿಹೋಗಿದ್ದೆ. ವರ್ಷದಿಂದ ಬೆರಳು ಓಡುತ್ತಿತ್ತು, ಕಿವಿ ಮುಚ್ಚಿತ್ತು. ಮುಂದೇನು, ಮುಂದೇನು ಎಂಬ ಭಯ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಸಿಟ್ಟಿನಿಂದ ನನಗೆ ಮೈಯೆಲ್ಲ ಉರಿಯಿತು. ನಾನು ಸೇರಿದ್ದು ನುಡಿಸುವುದನ್ನು ಕಲಿಯಲು.

ಅಕ್ಕನಿಗೆ ಹೇಳಿದೆ. ಅವಳು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್.

“ನಾನು ಚೀಟಿ ನೋಡ್ದೆ ಮಾತ್ರೆ ಕೊಟ್ರೆ ಒಳಗೆ ಹಾಕ್ತಾರೆ. ನೀನು ಚೀಟಿ ನೋಡಿದ್ರೆ ಫೇಲಾ? ಒಳ್ಳೆ ಕಥೆ ಕಣೆ ನಿಮ್ದು.”

“ಕಛೇರೀಲಿ ಪುಸ್ತಕ ಇಟ್ಕೊಂಡೇ ನುಡಿಸ್ತೀನಿ. ಪುಟ ತಿರುಗಿಸೋಕೆ ಬರ್ತೀಯಾ?”

“ನಂಗೆ ಅದ್ರಲ್ಲಿ ಒಂದಕ್ಷರಾನೂ ಗೊತ್ತಿಲ್ಲ.”

“ನಾನು ತಲೆ ಆಡಿಸ್ತೀನಿ, ನೀನು ತಿರುಗಿಸು.”

“ಕೆಲಸದ ಗತಿ?” ಪದವಿ ಸಿಕ್ಕರೆ ವಿಶ್ವವಿದ್ಯಾಲಯದಲ್ಲೇ ಕಿರಿಯರಿಗೆ ಪಾಠ ಹೇಳುವ ಕೆಲಸ ನನಗೇ ಎಂದು ಮಾತಾಗಿತ್ತು.

“ಹೋದ್ರೆ ಹೋಗ್ಲಿ,” ಅಂದೆ.

ಕಛೇರಿಯ ಸಂಜೆ ವೇದಿಕೆಯ ಹಿಂದೆ ಗೋಡೆಗೊರಗಿಸಿದ್ದ ಹಲಗೆಯನ್ನು ನಾನೇ ಎತ್ತಿಕೊಂಡು ಬಂದು ಎಲ್ಲರೆದುರು ಪಿಯಾನೋಗೆ ಸಿಕ್ಕಿಸಿದೆ. ಸಭೆಯಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನಲ್ಲಿ ಇನ್ನಿಬ್ಬರು ಪರೀಕ್ಷಕರ ನಡುವೆ ಪ್ರೊಫೆಸರ್ ಕೂತಿದ್ದರು.

“ಅದನ್ನ ತೆಗಿ,” ಅಂದರು.

“ಇಲ್ಲ ಸಾರ್.”

“ಫೇಲ್ ಆಗ್ತೀಯ.”

“ಗೊತ್ತು ಸಾರ್.”

ಅಕ್ಕ ಅಂಗಡಿಯಲ್ಲಿ ನಿಂತಂತೆಯೇ ಗಂಭೀರವಾಗಿ ಪಕ್ಕದಲ್ಲಿ ನಿಂತಳು. ನುಡಿಸತೊಡಗಿದೆ. ಮೊದಲ ಭಾಗ ಮುಗಿಸಿ ಹಿಂದಕ್ಕೆ ಹೋದೆ, ಎರಡನೇ ಸಲ ತಿರುವಿನಲ್ಲಿ ಮುಂದಕ್ಕೆ ದಾಟಿದೆ. ದಾಟುವಾಗ ಎಡಗೈಯ ಕೆಳಗಿನ ಸ್ವರಗಳ ಒಂದು ಎಳೆ ತಾನೇ ಹಾಡಿಕೊಂಡು ಬರುತ್ತಿರುವುದು ಕೇಳಿಸಿತು. ವರ್ಷವೆಲ್ಲ ಅದನ್ನು ನುಡಿಸಿದ್ದೆ, ಕೇಳಿದ್ದು ಅವತ್ತೇ. ಅಲ್ಲಿಂದ ಮುಂದಕ್ಕೆ ನನಗೆ ಯಾರ ಹಂಗೂ ಉಳಿಯಲಿಲ್ಲ, ಖುಷಿಯಿಂದ ನುಡಿಸಿದೆ.

ಮುಗಿದ ಮೇಲೆ ಪ್ರೊಫೆಸರ್ ತಮ್ಮ ಕೋಣೆಗೆ ಕರೆದರು. ಬಹಳ ಹೊತ್ತು ಕನ್ನಡಕ ಒರೆಸಿದರು.

“ಇಷ್ಟು ಚೆನ್ನಾಗಿ ನೀನು ಯಾವತ್ತೂ ನುಡಿಸಿರ್ಲಿಲ್ಲ. ನಾವು ಮೂರೂ ಜನ ಅದನ್ನೇ ಹೇಳಿದ್ವಿ.”

“ಪಾಸಾ ಸಾರ್?”

“ಇಲ್ಲಮ್ಮ. ನಿಯಮ ನಿಯಮಾನೇ. ಮುಂದಿನ ವರ್ಷ ಪುಸ್ತಕ ಇಲ್ದೆ ಬಾ, ನಾನೇ ಮುಂದೆ ನಿಂತು ಪಾಸು ಮಾಡಿಸ್ತೀನಿ. ಕೆಲಸಾನೂ ಅಲ್ಲೀವರೆಗೆ ಕಾಯುತ್ತೆ.”

ಅಳು ಬಂತು. ತಡೆದುಕೊಳ್ಳಲಿಲ್ಲ, ಅವರೆದುರಿಗೇ ಅತ್ತೆ. ಅವರು ನೀರಿನ ಲೋಟ ಮುಂದಕ್ಕೆ ಸರಿಸಿ, “ಹಾಗಾದ್ರೆ ಬರ್ತೀಯ ತಾನೆ?” ಅಂದರು.

“ಬರ್ತೀನಿ ಸಾರ್,” ಅಂದೆ ಮೂಗೊರೆಸಿಕೊಳ್ಳುತ್ತ. “ಆಗ್ಲೂ ನೋಡ್ಕೊಂಡೇ ನುಡಿಸ್ತೀನಿ. ನೀವು ಆಗ್ಲೂ ಫೇಲ್ ಮಾಡಿ.”