ಹತ್ತಕ್ಕೆ ಆರು

ತರಗತಿಯಲ್ಲಿ ಇಪ್ಪತ್ಮೂರು ಮಂದಿ ಇದ್ದರು: ಇಪ್ಪತ್ತೆರಡು ಹುಡುಗಿಯರು, ಒಬ್ಬ ಬಸವಪ್ರಭು. ಅಂಗಚಲನೆ, ಉಸಿರಾಟ ಮತ್ತು ಮನಸ್ಸಿನ ವಿಶ್ರಾಂತಿಯಿಂದ ಕೊಡುವ ಚಿಕಿತ್ಸೆಯನ್ನು ಮರಾಠಿ ನಾಡಿನ ಧನಕವಡಿಯ ಒಂದು ಕಾಲೇಜಿನಲ್ಲಿ ನಾಲ್ಕು ವರ್ಷದ ಪದವಿಯಾಗಿ ಕಲಿಸುತ್ತಿದ್ದರು. ಒಬ್ಬರ ಮೈಮೇಲೆ ಇನ್ನೊಬ್ಬರು ಕಲಿಯಬೇಕು. ಹುಡುಗಿಯರು ಹನ್ನೊಂದು ಜೋಡಿಯಾಗುತ್ತಿದ್ದರು. ಬಸವಪ್ರಭು ಚಾಪೆಯೊಂದನ್ನು ಸುತ್ತಿ ಮಂಚದ ಮೇಲೆ ಮಲಗಿಸಿ, ಅದರ ಇಲ್ಲದ ಭುಜವನ್ನು ಎತ್ತುತ್ತಿದ್ದ. ಯಾರೂ ಗೇಲಿ ಮಾಡುತ್ತಿರಲಿಲ್ಲ. ಮೂರನೇ ವರ್ಷ ಶುರುವಾದಾಗಿನಿಂದ, ಬಸ್ಸಿನ ನೂಕಾಟ ಬಿಟ್ಟರೆ, ಅವನ ಮೈಗೆ ಇನ್ನೊಬ್ಬರ ಕೈ ತಾಕಿರಲಿಲ್ಲ.

2001ರ ಮಾರ್ಚ್‌ನಲ್ಲಿ ಪ್ರತಿಯೊಬ್ಬರಿಗೂ ಒಬ್ಬ ರೋಗಿಯನ್ನು ಒಪ್ಪಿಸಿದರು. ಹತ್ತು ಶನಿವಾರ, ರೋಗಿಯ ಮನೆಗೆ ಹತ್ತು ಭೇಟಿ. ಪ್ರತಿ ಸಲ ಎರಡು ಅಂಕಿ ಬರೆಯಬೇಕು: ಕೈ ಎಷ್ಟು ಡಿಗ್ರಿ ಮೇಲೇರಿತು, ರೋಗಿ ತನ್ನ ನೋವಿಗೆ ಹತ್ತಕ್ಕೆ ಎಷ್ಟು ಕೊಟ್ಟ. ಫೈಲು ಪಾಸಾಗದಿದ್ದರೆ ನಾಲ್ಕನೇ ವರ್ಷವಿಲ್ಲ. ಒಂದು ವರ್ಷ ಹೆಚ್ಚಿಗೆ ಓದಿಸಲು ಬೈಲಹೊಂಗಲದಲ್ಲಿದ್ದ ತಂದೆ ಒಪ್ಪುವವರಲ್ಲ.

ಅವನಿಗೆ ಸಿಕ್ಕವರು ಸಿದ್ರಾಮಪ್ಪ. ಐವತ್ತೇಳು ವರ್ಷ, ಜಮಖಂಡಿ ಕಡೆಯವರು, ಕೊಂಢವಾ ಬಡಾವಣೆಯಲ್ಲಿ ಮನೆ, ಅಲ್ಲಿಯದೇ ಟೈಲ್ಸ್ ಅಂಗಡಿಯಲ್ಲಿ ಗುಮಾಸ್ತರು. ಹೆಂಡತಿ ತೀರಿ ಒಂಬತ್ತು ವರ್ಷವಾಗಿತ್ತು; ಮಕ್ಕಳಿರಲಿಲ್ಲ. ಜನವರಿಯಲ್ಲಿ ಏಣಿಯಿಂದ ಬಿದ್ದು ಬಲ ಭುಜದ ಮೂಳೆ ಬಿರುಕು ಬಿಟ್ಟಿತ್ತು. ಮೂಳೆ ಕೂಡಿತು, ಭುಜ ಬಿಗಿದು ಕೂತಿತು.

"ಏನೋ ಡಾಕ್ಟರ್, ಮೀಸಿ ಬರೂಕಿಂತ ಮೊದಲ ಬಂದೀಯಲ್ಲ?"

"ಡಾಕ್ಟರ್ ಅಲ್ರಿ ಕಾಕಾ. ಇನ್ನಾ ಕಲಿಯಾಕತ್ತೀನಿ."

"ಹಂಗಾರ ನನ್ನ ಮ್ಯಾಲೆ ಕಲಿ. ಈ ಕೈ ಕೆಟ್ರ ಇನ್ನೊಂದು ಅದ."

ಅಂದು ಕೈ ಎಪ್ಪತ್ತು ಡಿಗ್ರಿ ಏರಿತು. ನೋವು ಎಂಟು.

ಮೊದಲು ಉಸಿರಾಟ, ಆಮೇಲೆ ಭುಜ. ತರಗತಿಯಲ್ಲಿ ಮರಾಠಿ, ಇಂಗ್ಲಿಷಿನಲ್ಲಿ ಕಲಿತದ್ದನ್ನು ಬಸವಪ್ರಭು ಮೊದಲ ಸಲ ಕನ್ನಡದಲ್ಲಿ ಹೇಳಿದ. "ಭುಜ ಸಡ್ಲ ಬಿಡ್ರಿ. ಉಸಿರು ಸಾವಕಾಶ ಬಿಡ್ರಿ." ಕಣ್ಣು ಮುಚ್ಚಿ ಮಲಗಿದ ಸಿದ್ರಾಮಪ್ಪ ಉಸಿರಿನ ನಡುವೆಯೇ ಮಾತಿಗಿಳಿಯುತ್ತಿದ್ದರು. ಅಂಗಡಿ ಮಾಲಕ, ಗಿರಾಕಿಗಳು, ತಾವು ಕೆಡಿಸಿದ ಬದನೆಕಾಯಿ ಪಲ್ಯ. "ಮಾತಾಡಬ್ಯಾಡ್ರಿ, ಉಸಿರು ಕೆಡ್ತದ" ಎನ್ನುತ್ತ ಬಸವಪ್ರಭು ಕೇಳುತ್ತಿದ್ದ. ವಾರದಲ್ಲಿ ಅವನು ಕನ್ನಡ ಕೇಳುತ್ತಿದ್ದುದು ಈ ಒಂದು ಗಂಟೆ ಮಾತ್ರ.

ನಾಲ್ಕನೇ ವಾರ ಕೈ ನೂರೈದಕ್ಕೆ ಬಂತು, ನೋವು ಆರಕ್ಕೆ ಇಳಿಯಿತು. ನೋವು ಎರಡಕ್ಕೆ ಬಂದರೆ ಫೈಲು ಮುಗಿಸುತ್ತಾರೆ, ಭೇಟಿ ನಿಲ್ಲುತ್ತದೆ ಎಂದು ಬಸವಪ್ರಭು ಖುಷಿಯಿಂದ ಹೇಳಿದ. ಅಲ್ಲಿಂದ ಕೈ ಏರುತ್ತಲೇ ಹೋಯಿತು. ಎಂಟನೇ ವಾರ ನೂರೈವತ್ತು. ನೋವು ಮಾತ್ರ ಆರರಲ್ಲೇ ನಿಂತಿತು.

ಫೈಲು ನೋಡುತ್ತಿದ್ದ ಸ್ನೇಹಲ್ ಮ್ಯಾಡಮ್ ಮರಾಠಿಯಲ್ಲಿ ಕೇಳಿದರು: "ಕೈ ಗುಣವಾದವರದು, ನೋವು ಗುಣವಾಗದವರದು. ಒಂದು ಫೈಲಿನಲ್ಲಿ ಇಬ್ಬರಿದ್ದಾರೇನು?" ಕಾರಣ ಬರೆಯದಿದ್ದರೆ ಪಾಸು ಮಾಡುವುದಿಲ್ಲ ಎಂದರು. ಬಿದ್ದವರಲ್ಲಿ ಭಯ ಉಳಿದರೆ ಭುಜ ಸರಿಹೋದರೂ ನೋವು ಹೋಗದಿರಬಹುದು. ವಿಚಾರಿಸಿ ನೋಡು, ಹಾಗಿದ್ದರೆ ಇನ್ನೂ ಹತ್ತು ಭೇಟಿಗೆ ಅರ್ಜಿ ಕೊಡು ಎಂದರು.

ಬಸವಪ್ರಭು ವಿಚಾರಿಸುವ ಮೊದಲೇ ಅರ್ಜಿ ತುಂಬಿದ. ಕಾರಣದ ಜಾಗದಲ್ಲಿ 'ಬಿದ್ದ ಭಯ' ಎಂದು ಬರೆದ.

ಏಪ್ರಿಲ್ 28, ಒಂಬತ್ತನೇ ಭೇಟಿ. ಪಕ್ಕದ ಮನೆಯ ಚಂದಮ್ಮ ಬಾಗಿಲಲ್ಲೇ ಹಿಡಿದಳು.

"ಬಾರಪ್ಪಾ ಡಾಕ್ಟರ್. ಸೋಮವತಿ ಅಮಾಸಿಗೆ ಎಲ್ಲಾರೂ ಜೇಜುರಿ ಮೈಲಾರಲಿಂಗನ ಗುಡಿಗೆ ಹೋಗಿದ್ವಿ. ನಿನ್ನ ಪೇಶಂಟ್ ನನ್ನ ಕಣ್ಣ ಕಳೀತಿದ್ರು. ಭಂಡಾರಾ ಹಿಂಗ ತೂರಿದ್ರು ನೋಡು, ಅಷ್ಟೂ ಅರಿಷಿಣ ನನ್ನ ಮುಖಕ್ಕ!" ಅವಳು ತೋಳನ್ನು ಕಿವಿಗೆ ತಾಗುವಂತೆ ಎತ್ತಿ ತೋರಿಸಿದಳು.

"ಬಲಗೈಲೆ ಏನ್ರಿ?"

"ಮತ್ತ? ದೇವರಿಗೆ ಎಡಗೈಲೆ ಯಾರು ತೂರ್ತಾರೋ?"

ಒಳಗೆ ಎಂದಿನಂತೆ ಉಸಿರಾಟ, ಎಂದಿನಂತೆ ಭುಜ. ನೂರ ಅರವತ್ತು.

"ನೋವು?"

"ಆರು."

"ಜೇಜುರಿಯೊಳಗ ಎಷ್ಟಿತ್ರಿ?"

ಸಿದ್ರಾಮಪ್ಪ ಕಣ್ಣು ತೆರೆದರು. "ಚಂದಮ್ಮನ ಬಾಯಿಗೆ ಒಂದು ಕೀಲಿ ಹಾಕ್ಬೇಕು."

"ಕಾಕಾ."

"ಇರಲಿಲ್ಲೋ. ಒಂದೂ ಇರಲಿಲ್ಲ. ಮೈಲಾರಲಿಂಗನ ಮುಂದ ಹೆಂಗ ನಾಟಕ ಮಾಡ್ಲಿ?"

"ನನ್ನ ಮುಂದ ಮಾಡೀರಲ್ಲ."

"ಎರಡಕ್ಕ ಬಂದ್ರ ಬಂದ್ ಅಂತ ಹೇಳಿದಾಂವ ನೀನ." ಎದ್ದು ಕೂತು ಅಂಗಿ ಹಾಕಿಕೊಂಡರು. "ಆರಂತ ಬರಿ. ನಿನಗೂ ಛಲೋ, ನನಗೂ ಛಲೋ."

ಅರ್ಜಿ ಚೀಲದಲ್ಲಿತ್ತು. ತಾರೀಖು ಹಾಕುವುದಷ್ಟೇ ಬಾಕಿ. ನೋವಿದ್ದವರ ಹುಬ್ಬು ಗಂಟಿಕ್ಕುತ್ತದೆ, ಉಸಿರು ತಡೆಯುತ್ತದೆ ಎಂದು ಮೊದಲ ವರ್ಷದಲ್ಲೇ ಕಲಿಸಿದ್ದರು. ಆರನೇ ವಾರದಿಂದ ಸಿದ್ರಾಮಪ್ಪನವರ ಹುಬ್ಬು ಅಲುಗಿರಲಿಲ್ಲ. ಬಸವಪ್ರಭು ಅದನ್ನು ನೋಡಿದ್ದ. ನೋಡಿಯೂ ಆರು ಬರೆದಿದ್ದ.

ಅವನು ಪೆನ್ನು ತೆಗೆದು ಫೈಲಿನಲ್ಲಿ ಹೀಗೆ ಬರೆದ: "ಐದನೇ ಭೇಟಿಯಿಂದ ನೋವಿನ ಅಂಕಿ ನಿಜವಲ್ಲ. ಭೇಟಿ ನಿಲ್ಲಬಾರದೆಂದು ರೋಗಿ ಹೆಚ್ಚು ಹೇಳಿದರು. ಆರನೇ ಭೇಟಿಯಿಂದ ನನಗೆ ಅನುಮಾನವಿತ್ತು. ಭೇಟಿ ನಿಲ್ಲಬಾರದೆಂದೇ ನಾನೂ ಅದನ್ನು ಬರೆಯಲಿಲ್ಲ."

"ಫೇಲ್ ಮಾಡ್ತಾರೇನೋ?"

"ಗೊತ್ತಿಲ್ರಿ."

ಮೇ 5ರಂದು ಫೈಲು ಮುಗಿಸಲು ಕೊನೆಯ ಭೇಟಿ. ಕೈ ನೂರ ಅರವತ್ತೈದು, ನೋವು ಸೊನ್ನೆ. ಮನೆಯಲ್ಲಿ ತಾವೇ ಮಾಡಬೇಕಾದ ವ್ಯಾಯಾಮ ಕಲಿಸಿ ಬಸವಪ್ರಭು ರುಜು ಹಾಕಿಸಿಕೊಂಡ. "ಸುಮ್ನ ಬರ್ತಿರೋ" ಎಂದರು ಸಿದ್ರಾಮಪ್ಪ. "ಶನಿವಾರ ಮನ್ಯಾಗ ಇರ್ತೀನಿ."

ಸ್ನೇಹಲ್ ಮ್ಯಾಡಮ್ ಆ ಪುಟವನ್ನು ಎರಡು ಸಲ ಓದಿದರು. ಪಾಸು ಮಾಡಿದರು, ಅಂಕ ಕಳೆದರು. "ಕೊನೆಯ ವಾಕ್ಯ ಬರೆ ಎಂದು ನಿನ್ನನ್ನು ಯಾರೂ ಕೇಳಿರಲಿಲ್ಲ" ಎಂದರಷ್ಟೇ.

ಎರಡು ವಾರ ಬಿಟ್ಟು ಬಸವಪ್ರಭು ಕೊಂಢವಾಕ್ಕೆ ಹೋದ. ಸಿದ್ರಾಮಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕುರ್ಚಿ ಎಳೆದು ಕೊಟ್ಟು, ಎದುರಿನ ಮಂಚದ ಮೇಲೆ ನೆಟ್ಟಗೆ ಕೂತರು.

"ಕೈ ಹೆಂಗದ್ರಿ?"

"ಛಲೋ ಅದ. ಪರೀಕ್ಷಾ?"

"ಆತ್ರಿ. ಪಾಸು."

"ಭಾಳ ಛಲೋ ಆತು."

ಚಹಾ ಕುಡಿದರು. ಇಬ್ಬರ ಕೈಗಳೂ ಅವರವರ ಮೊಣಕಾಲ ಮೇಲಿದ್ದವು. ಮಲಗ್ರಿ, ಒಮ್ಮೆ ನೋಡ್ತೀನಿ ಎನ್ನಬೇಕೆಂದು ಬಸವಪ್ರಭುವಿಗೆ ಅನ್ನಿಸಿತು. ನೋಡಲು ಏನೂ ಇರಲಿಲ್ಲ. ಸಿದ್ರಾಮಪ್ಪ ಟಿವಿ ಹಚ್ಚಿದರು. ಇಪ್ಪತ್ತೈದು ನಿಮಿಷಕ್ಕೆ ಅವನು ಎದ್ದ. ಅವರು ಇರು ಎನ್ನಲಿಲ್ಲ, ಮತ್ತೆ ಯಾವಾಗ ಎಂದೂ ಕೇಳಲಿಲ್ಲ.

ಜಮಖಂಡಿಯಲ್ಲಿ ನಿಮ್ಮ ಮನೆ ಯಾವ ಓಣಿಯಲ್ಲಿತ್ತು ಎಂದು ಕೇಳಬಹುದಿತ್ತು ಅಂತ ಅವನಿಗೆ ಬಸ್ ಸ್ಟಾಪಿನಲ್ಲಿ ಹೊಳೆಯಿತು. ಅಷ್ಟರಲ್ಲಿ ಬಸ್ಸು ಬಂತು.