ಮೊದಲ ತುತ್ತು ಅವನದು

ಚಮಚ ಬಾಯೊಳಗಿತ್ತು. ಮೇಜಿನ ಸುತ್ತ ಕೂತ ಮೂವರೂ ಅವನ ಗಂಟಲನ್ನೇ ನೋಡುತ್ತಿದ್ದರು.

ಅವನು ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿದ, ಹುಬ್ಬು ಗಂಟಿಕ್ಕಿದ, ಮೊಟ್ಟೆಯ ತುಣುಕನ್ನು ನಾಲಿಗೆಯ ಮೇಲೆ ಒಮ್ಮೆ ಹೊರಳಿಸಿ ನುಂಗಿದ.

"ಉಪ್ಪು ಒಂದು ಚಿಟಿಕೆ ಕಡಿಮೆ," ಎಂದ.

ಅಕ್ಕ ಕೈ ತಟ್ಟಿ ನಕ್ಕಳು. "ನೋಡಿದ್ರಾ! ಬೇಕೂಂತಲೇ ಕಡಿಮೆ ಹಾಕಿದ್ದೆ ಕಣೋ. ಮುಖ್ಯಸ್ಥ ಆದ್ಮೇಲೆ ನಾಲಿಗೆ ಮೊಂಡಾಗಿದ್ಯೋ ಏನೋ ನೋಡೋಣ ಅಂತ."

ಬೇಕೆಂದೇ ಕಡಿಮೆ ಹಾಕಿದ್ದು ಅವನಿಗೂ ಗೊತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದಾಗ ಅವಳ ಬೆರಳು ಉಪ್ಪಿನ ಡಬ್ಬಿಗೆ ಹೋಗಿ, ತಡೆದು, ಅರ್ಧವನ್ನು ವಾಪಸು ಉದುರಿಸಿದ್ದನ್ನು ನೋಡಿದ್ದ. ಬಾಯೊಳಗೆ ಇದ್ದದ್ದು ಬಿಸಿ, ಮೆತ್ತಗೆ, ಒದ್ದೆ. ಅಷ್ಟೇ. ಅದು ಮೊಟ್ಟೆಯೋ ನೆನೆದ ಹತ್ತಿಯೋ ಎಂಬುದನ್ನು ಕಣ್ಣೇ ಹೇಳಬೇಕಿತ್ತು.

ತಿಂಗಳ ಹಿಂದೆ ಬಂದ ಜ್ವರ ಹೋಗುವಾಗ ರುಚಿ, ವಾಸನೆ ಎರಡನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಬೇರೆ ಯಾರಿಗಾದರೂ ಆಗಿದ್ದರೆ ಊಟ ಸಪ್ಪೆ ಎಂದು ಗೊಣಗಿ ಸುಮ್ಮನಾಗುತ್ತಿದ್ದರು. ಇವನು ಟೀ ಕಂಪನಿಯಲ್ಲಿ ರುಚಿ ನೋಡುವವನು. ಸಾಲಾಗಿ ಇಟ್ಟ ಬಿಳಿ ಬಟ್ಟಲುಗಳ ಮುಂದೆ ನಡೆಯುತ್ತ, ಚಮಚದಿಂದ ಸೊರ್ ಎಂದು ಎಳೆದು, ಬಾಯೊಳಗೆ ಸುತ್ತಿಸಿ, ಪಕ್ಕದ ತೊಟ್ಟಿಗೆ ಉಗುಳಿ ಒಂದು ಮಾತು ಹೇಳುವುದು ಅವನ ಕೆಲಸ. ಆ ಒಂದು ಮಾತಿನ ಮೇಲೆ ಲಾರಿಗಟ್ಟಲೆ ಸರಕು ಹೊರಡುತ್ತದೆ, ಇಲ್ಲವೇ ನಿಲ್ಲುತ್ತದೆ.

ತಮಾಷೆಯೆಂದರೆ, ನಾಲಿಗೆ ಸತ್ತ ಮೇಲೆ ಅವನ ಮಾತಿಗೆ ತೂಕ ಬಂದಿತ್ತು. ಮೊದಲೆಲ್ಲ ತಡವರಿಸುತ್ತಿದ್ದ, ಇನ್ನೊಮ್ಮೆ ನೋಡೋಣ ಎನ್ನುತ್ತಿದ್ದ. ರುಚಿ ಗೊತ್ತಿದ್ದವನಿಗೆ ಅನುಮಾನ ಇದ್ದದ್ದೇ. ಈಗ ಬಟ್ಟಲಿನ ಬಣ್ಣ ನೋಡಿ, ಬೆಂದ ಎಲೆ ನೋಡಿ, ಪಕ್ಕದವನ ಹುಬ್ಬು ನೋಡಿ ಥಟ್ಟನೆ ಹೇಳಿಬಿಡುತ್ತಿದ್ದ. ಎಂಥ ಖಚಿತ ಮನುಷ್ಯ ಎಂದು ಕಂಪನಿ ಮೆಚ್ಚಿತು. ಹೋದ ವಾರ ಮುಖ್ಯಸ್ಥನನ್ನಾಗಿ ಮಾಡಿತು. ಆ ಸುದ್ದಿಯನ್ನು ಹೊತ್ತೇ ಅವನು ಶನಿವಾರ ಸಂಜೆ ಊರಿಗೆ ಬಂದಿದ್ದ. ಈ ದಿನ, ಭಾನುವಾರ, ರಾತ್ರಿಯ ಊಟ ಅವನ ಗೌರವಕ್ಕೆ.

"ಹಾಗಾದ್ರೆ ಆಯ್ತಾ?" ಎಂದ ಭಾವ, ಚಮಚ ಹಿಡಿದು ಕಾಯುತ್ತ.

"ಆಯ್ತು ಭಾವ, ತಿನ್ನಿ."

ಆಮೇಲೆ ಎಲ್ಲರೂ ತಿಂದರು. ಇದು ಆ ಮನೆಯ ಪದ್ಧತಿ. ಚಿಕ್ಕವನಿದ್ದಾಗ ನೆಂಟರೊಬ್ಬರ ಮದುವೆಯಲ್ಲಿ ಮೊದಲ ತುತ್ತನ್ನೇ ಥೂ ಎಂದು ಉಗುಳಿ, ಬೇಡ ಬೇಡ ಎಂದು ಅತ್ತಿದ್ದ. ಹಠಮಾರಿ ಎಂದು ಬೆನ್ನಿಗೆ ಗುದ್ದು ಬಿತ್ತು. ಕತ್ತಲಾಗುವಷ್ಟರಲ್ಲಿ ಊಟಕ್ಕೆ ಕೂತವರೆಲ್ಲ ಆಸ್ಪತ್ರೆಯಲ್ಲಿದ್ದರು; ಇಬ್ಬರು ವಾಪಸು ಬರಲಿಲ್ಲ. ತಮ್ಮ ಉಗುಳಿದ್ದನ್ನು ನೋಡಿ ಕೈ ಹಿಂದಕ್ಕೆಳೆದುಕೊಂಡ ಅಕ್ಕ ಉಳಿದಳು. ಅಂದಿನಿಂದ ಅವನು ಮನೆಯಲ್ಲಿದ್ದರೆ ಮೊದಲ ತುತ್ತು ಅವನದು. ಅವನು ಆಯ್ತು ಎನ್ನದೆ ಯಾರೂ ಬಾಯಿ ತೆರೆಯುವುದಿಲ್ಲ. ಅಪ್ಪ ಅಮ್ಮ ಹೋದರು, ಪದ್ಧತಿ ಉಳಿಯಿತು. ಊರಂತೂ ಅವನನ್ನು ನಾಲಿಗೆ ಎಂದೇ ಕರೆಯುತ್ತದೆ.

ಕಂಪನಿಯನ್ನು ಬಣ್ಣ ನೋಡಿ ಗೆಲ್ಲಬಹುದು. ಅಕ್ಕನನ್ನು ಗೆದ್ದರೆ ಲೋಕವನ್ನೇ ಗೆದ್ದಂತೆ. ಇಲ್ಲಿ ಸಿಕ್ಕಿಬಿದ್ದರೆ, ಬೆಳಿಗ್ಗೆ ಎದ್ದು ಕನ್ನಡಿ ನೋಡಿಕೊಳ್ಳುವುದಕ್ಕೂ ತನ್ನಲ್ಲಿ ಏನೂ ಉಳಿಯದು ಎಂದು ಅವನಿಗೆ ಅನ್ನಿಸಿತ್ತು. ನಾಲಿಗೆ ಎಂಬ ಹೆಸರಿನಿಂದ ನಾಲಿಗೆಯನ್ನು ಕಳೆದರೆ ಉಳಿಯುವುದೇನು?

ಒಂದು ಗೆದ್ದಾಯಿತು. ಅವನು ಇನ್ನೊಂದು ತುಂಡು ಬ್ರೆಡ್ ಕೇಳಿದ.

ಭಾವ ಪೇಟೆಯಿಂದ ತಂದಿದ್ದ ದೊಡ್ಡ ಮೀನನ್ನು ಅಕ್ಕ ತೊಳೆದು, ತುಂಡು ಮಾಡಿ, ರಾತ್ರಿಗೆಂದು ಫ್ರಿಜ್ಜಿನಲ್ಲಿಟ್ಟು ಕೈ ಒರೆಸಿಕೊಳ್ಳುವಷ್ಟರಲ್ಲಿ ಎದುರುಮನೆಯ ಹೆಡ್‌ಮೇಷ್ಟ್ರು ಬಂದರು. ನಿವೃತ್ತರಾಗಿ ವರ್ಷಗಳಾದರೂ ಪರೀಕ್ಷೆ ಮಾಡುವ ಚಪಲ ಹೋಗಿರಲಿಲ್ಲ. ಕೈಯಲ್ಲಿ ಮೂರು ಟೀ ಪುಡಿಯ ಪೊಟ್ಟಣ.

"ಯಾವುದು ಯಾವುದು ಅಂತ ಹೇಳ್ಬಿಡು, ನೋಡೋಣ. ಅಡ್ಡ ಬಟ್ಟೆ ಕಟ್ಟಿಸ್ತೀನಿ, ಕದ್ದು ನೋಡೋ ಹಾಗಿಲ್ಲ."

"ಕಟ್ಟಿ ಮೇಷ್ಟ್ರೇ," ಎಂದ ಅವನು. ಮುಖ ನಗುತ್ತಲೇ ಇತ್ತು.

ಅಕ್ಕನಿಗೆಂದು ತಾನೇ ತಂದಿದ್ದ ಹೊಸ ಕೆಟಲ್ಲನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ನೀರು ಇದರಲ್ಲೇ ಕುದಿಯಬೇಕು, ಆಗಲೇ ಟೀ ಬಾಯಿ ಬಿಡುವುದು ಎಂದು ಉಪನ್ಯಾಸ ಕೊಡುತ್ತ, ಗೋಡೆಯಲ್ಲಿದ್ದ ಯಾವುದೋ ಪ್ಲಗ್ಗನ್ನು ಕಿತ್ತು ಕೆಟಲ್ಲಿನದನ್ನು ಚುಚ್ಚಿದ. ಮೇಷ್ಟ್ರು ಪರದೆಯಾಗಿ ಅಕ್ಕನ ಹಳೆಯ ಬೆಡ್‌ಶೀಟನ್ನು ಹಿಡಿಸಿ, ಅದರ ಹಿಂದೆ ಟೀ ಮಾಡಿದರು.

ಮೂರು ಬಟ್ಟಲು ಬಂದವು. ಮೊದಲನೆಯದು ನಾಲಿಗೆಯನ್ನು ಒಗರಾಗಿ ಹಿಂಡಿ ಒಣಗಿಸಿತು. ಒಗರು ಹಿಂಡುವುದು ಮುಟ್ಟಿದಂತೆ, ಅದಕ್ಕೆ ರುಚಿ ಬೇಡ. ತಳದಲ್ಲಿ ಪುಡಿ ಮಣ್ಣಿನಂತೆ ಕೂತಿತ್ತು. "ಇದು ಬಸ್ ಸ್ಟ್ಯಾಂಡಿನ ಅಂಗಡಿಯ ಬಿಡಿ ಪುಡಿ." ಎರಡನೆಯದು ತೆಳ್ಳಗೆ, ಹೊಂಬಣ್ಣಕ್ಕಿತ್ತು. "ನಮ್ಮ ಕಂಪನಿಯದೇ. ಥ್ಯಾಂಕ್ಸ್ ಮೇಷ್ಟ್ರೇ." ಮೂರನೆಯದನ್ನು ಎತ್ತುವ ಮೊದಲು ಬೆಡ್‌ಶೀಟಿನ ಕೆಳಗೆ ಕಣ್ಣು ಹಾಯಿಸಿದ. ನೆಲದ ಮೇಲೆ ಮೂರನೆಯ ಪೊಟ್ಟಣ ದಾರ ಬಿಚ್ಚದೆ ಹಾಗೇ ಕೂತಿತ್ತು.

ಸೊರ್ ಎಂದು ಎಳೆದ. ಅದೇ ಒಗರು, ತಳದಲ್ಲಿ ಅದೇ ಮಣ್ಣು. ಬಹಳ ಹೊತ್ತು ಸುತ್ತಿಸಿದ.

"ಮೇಷ್ಟ್ರೇ, ಮೂರನೆಯದನ್ನು ನೀವು ತೆರೆದೇ ಇಲ್ಲ. ಮೊದಲನೆಯದನ್ನೇ ಇನ್ನೊಂದು ಬಟ್ಟಲಿಗೆ ಸುರಿದಿದ್ದೀರಿ."

ಮೇಷ್ಟ್ರು ಬಾಯಿ ತೆರೆದವರು ಮುಚ್ಚಲಿಲ್ಲ. ಆಮೇಲೆ ಎರಡೂ ಕೈಯಲ್ಲಿ ಅವನ ಭುಜ ಹಿಡಿದು, "ನಾಲಿಗೆ ಒಳ್ಳೇದಾದ್ರೆ ನಾಡೆಲ್ಲ ಒಳ್ಳೇದು ಅಂತ ಗಾದೆ ಮಾಡಿದ್ದು ನಿನಗೋಸ್ಕರವೇ ಕಣೋ," ಎಂದರು. ಗಾದೆ ಅದಕ್ಕಲ್ಲ ಎಂದು ಅವರಿಗೂ ಗೊತ್ತಿತ್ತು. ಸಂತೋಷಕ್ಕೆ ಮೇಷ್ಟ್ರುಗಳೂ ತಪ್ಪು ಮಾಡುತ್ತಾರೆ. ಹೊರಟು ನಿಂತು, ಮಧ್ಯಾಹ್ನ ಎಲ್ಲರೂ ತಮ್ಮ ಮನೆಗೇ ಊಟಕ್ಕೆ ಬರಬೇಕೆಂದು ಅಪ್ಪಣೆ ಮಾಡಿದರು. ಮನೆಗೆ ಬೀಗ ಬಿತ್ತು.

ಊರು ಅವನನ್ನು ತಿನ್ನಿಸುತ್ತಲೇ ಹೋಯಿತು. ಬೇಕರಿಯವನು ಓಡಿಬಂದು ಬಿಸಿ ಬನ್ನು ಕೈಗಿಟ್ಟ. ಬಾಯಿ ತುಂಬ ಅಗಿದು, "ಒಲೆ ಬದಲಾಯಿಸಿದ್ದೀಯ," ಎಂದ ಅವನು. ಹಿಂದಿನ ಗೋಡೆಯಲ್ಲಿ ಹೊಸ ಹೊಗೆಕೊಳವೆ ಬೀದಿಯಿಂದಲೇ ಕಾಣುತ್ತಿತ್ತು. ಬೇಕರಿಯವನ ಕಣ್ಣಲ್ಲಿ ನೀರು ಬಂತು. "ಇಷ್ಟು ದಿನದಲ್ಲಿ ಒಬ್ಬನೂ ಗುರುತಿಸಲಿಲ್ಲ ನಾಲಿಗೆ! ಒಬ್ಬನೂ!" ರಾತ್ರಿಯ ಊಟಕ್ಕೆ ನೀನೂ ಬಾ ಎಂದು ಅಕ್ಕ ಕರೆದಳು. ಮೇಷ್ಟ್ರ ಮನೆಯಲ್ಲಿ ಸೂಪು ಹೊಗಳಿದ, ಮಾಂಸಕ್ಕೆ ಇನ್ನೊಂದು ಕುದಿ ಬೇಕಿತ್ತು ಎಂದ. ಹಲ್ಲಿಗೆ ಗೊತ್ತಾಗುವುದಕ್ಕೆ ನಾಲಿಗೆ ಯಾಕೆ? ಮೇಷ್ಟ್ರ ಹೆಂಡತಿ ಗಂಡನ ಕಡೆ ತಿರುಗಿ, "ನಾನು ಬಡ್ಕೊಂಡೆ, ಕೇಳಿದ್ರಾ?" ಎಂದು ಗೆದ್ದರು. ಎಲ್ಲರೂ ಗೆಲ್ಲುತ್ತಿದ್ದ ದಿನ ಅದು.

ಬಿಸಿಲು ನೆತ್ತಿ ಸುಡುತ್ತಿತ್ತು. ಭಾವ ಅವನನ್ನು ಬಿಯರಿಗೆ ಎಳೆದೊಯ್ದ. ಚಪ್ಪಲಿ ಅಂಗಡಿ ನಡೆಸುವ ಭಾವ ಎರಡನೆಯ ಗ್ಲಾಸಿಗೆ ತತ್ವಜ್ಞಾನಿಯಾಗುತ್ತಾನೆ.

"ನಂಗೆ ಎಲ್ಲ ಒಂದೇ ಕಣಯ್ಯ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ? ನೀನು ಹೇಳಿದ್ಮೇಲೇ ನಂಗೆ ರುಚಿ ಅನ್ಸೋದು."

"ಹಾಗೇನಿಲ್ಲ ಭಾವ."

"ಹಾಗೇ. ಈಗ ಈ ಬಿಯರು ಹೇಗಿದೆ, ಹೇಳು."

ಗ್ಲಾಸು ತಣ್ಣಗಿತ್ತು. ಗುಳ್ಳೆಗಳು ಗಂಟಲನ್ನು ಚುಚ್ಚಿದವು. "ಚೆನ್ನಾಗಿದೆ."

ಭಾವ ಒಂದು ಗುಟುಕು ಕುಡಿದು ತಲೆದೂಗಿದ. "ಹೌದಲ್ವಾ?"

ಅವನಿಗೆ ಹಿಗ್ಗು ಉಕ್ಕಿತು. ಇದು ಕಳ್ಳನ ಹಿಗ್ಗಲ್ಲ, ನಿಜವಾದದ್ದೇ. ಇಷ್ಟು ವರ್ಷ ರುಚಿ ತನ್ನ ಬಾಯಲ್ಲಿದೆ ಎಂದು ಹೆದರಿ ಹೆದರಿ ಕಾಪಾಡಿದ್ದ. ಖಾರ ಬಿಟ್ಟಿದ್ದ, ಸಿಗರೇಟು ಮುಟ್ಟಿರಲಿಲ್ಲ. ಅದು ಇವರ ಕಿವಿಯಲ್ಲಿ ಇತ್ತು. ಇನ್ನು ಯಾವ ಜ್ವರವೂ ಅದನ್ನು ಕಸಿಯಲಾರದು. ಬೀದಿಯಲ್ಲಿ ಸಿಕ್ಕವರಿಗೆಲ್ಲ ಕೈಯೆತ್ತುತ್ತ, ಬಹಳ ದಿನಗಳ ಮೇಲೆ ಸಿಳ್ಳೆ ಹಾಕುತ್ತ ಮನೆಗೆ ನಡೆದ.

ಜಗಲಿಯಲ್ಲಿ ಅಕ್ಕನ ಮಗಳು ಕಾಲು ಚಾಚಿ ಕೂತಿದ್ದಳು. ಏಳು ತಿಂಗಳ ಬಸುರಿ. ಹೆರಿಗೆಗೆ ತವರಿಗೆ ಬಂದವಳು.

"ಮಾವ, ಈಗ ನಾನೂ ನಿಮ್ಮ ಹಾಗೇ ಆಗಿದೀನಿ. ಸೋಪು, ಚರಂಡಿ, ಪಕ್ಕದ ಮನೆ ಒಗ್ಗರಣೆ, ಎಲ್ಲ ಮೂಗಿಗೆ ಬಡಿಯತ್ತೆ. ಹೇಗೆ ತಡ್ಕೊಂಡ್ರಿ ಇಷ್ಟು ವರ್ಷ?"

ಅವಳಿಗೆ ಹೇಳಿಬಿಡೋಣ ಎನ್ನಿಸಿತು. ಇವಳೊಬ್ಬಳಿಗೆ. ಇಲ್ಲಮ್ಮ, ನನಗೀಗ ಏನೂ ಬಡಿಯುವುದಿಲ್ಲ, ನಿನ್ನ ತಲೆಗೆ ಹಚ್ಚಿದ ಎಣ್ಣೆ ಕೂಡ.

"ಅಭ್ಯಾಸ ಆಗತ್ತೆ," ಎಂದ.

"ಮೊದ್ಲು ವಾಕರಿಕೆ ಬರ್ತಿತ್ತಾ?"

"ಮೊದಲು ಬರ್ತಿತ್ತು." ಚಪ್ಪಲಿ ಬಿಟ್ಟು ಒಳಗೆ ಹೋದ.

ಒಳಗೆ ಅಕ್ಕ ಫ್ರಿಜ್ಜಿಗೆ ತಲೆ ತೂರಿಸಿ ಗೊಣಗುತ್ತಿದ್ದಳು. "ಇದರ ಬಲ್ಬ್ ಬೇರೆ ಹೋಗಿದೆ. ರೀ, ನಾಳೆ ಒಂದು ತಂದ್ಹಾಕಿ. ಈ ಬಿಸಿಲಿಗೆ ಫ್ರಿಜ್ಜೂ ಬೆವರ್ತಿದೆ." ಮೀನಿನ ಪಾತ್ರೆಯನ್ನು ಹೊರಗಿಟ್ಟು ಒಮ್ಮೆ ಮೂಸಿದಳು. ಇನ್ನೊಮ್ಮೆ ಮೂಸಿದಳು. ತಮ್ಮನ ಕಡೆ ನೋಡಿದಳು. ಅವನು ಅಂಗಿ ಬದಲಾಯಿಸುತ್ತ ಇನ್ನೂ ಸಿಳ್ಳೆ ಹಾಕುತ್ತಿದ್ದ. ಅವಳು ಒಲೆ ಹಚ್ಚಿದಳು.

ದೀಪ ಹಚ್ಚುವ ಹೊತ್ತಿಗೆ ಮೇಜು ತುಂಬಿತ್ತು. ಮೇಷ್ಟ್ರು, ಅವರ ಹೆಂಡತಿ, ಬನ್ನಿನ ಬುಟ್ಟಿ ಹೊತ್ತ ಬೇಕರಿಯವನು. ಭಾವ ಎದ್ದು ನಿಂತು, "ನಮ್ಮ ನಾಲಿಗೆಗೆ," ಎಂದು ಗ್ಲಾಸೆತ್ತಿದ. ಅಕ್ಕ ಮೀನಿನ ಸಾರನ್ನು ತಂದಿಟ್ಟು, ಎಲ್ಲರ ತಟ್ಟೆಗೂ ಬಡಿಸಿ, ಅವನ ಪಕ್ಕದಲ್ಲೇ ನಿಂತಳು.

"ನೀನೇ ಹೇಳ್ಬೇಕಪ್ಪ," ಎಂದಳು ಮೆಲ್ಲಗೆ. "ತೆಗೆದಾಗ ಒಂಥರಾ ಅನ್ನಿಸ್ತು. ಎಸೆಯೋಣ ಅಂದ್ಕೊಂಡೆ. ನೀನಿದೀಯಲ್ಲ ಅಂತ ಒಲೆ ಮೇಲಿಟ್ಟೆ."

"ನಂಗೂ ಏನೋ ವಾಸನೆ ಬರ್ತಿದೆ, ಮಾವ," ಎಂದಳು ಬಸುರಿ.

"ನಿಂಗೆ ಗೋಡೆ ವಾಸನೆಯೂ ಬರತ್ತೆ, ಸುಮ್ನಿರೇ," ಎಂದ ಭಾವ. ಎಲ್ಲರೂ ನಕ್ಕರು. ನಗು ನಿಂತಿತು. ಎಲ್ಲರ ಕಣ್ಣೂ ಅವನ ಗಂಟಲಿಗೆ ಬಂದು ಕೂತವು.

ಅವನು ಬಾಯಿಗಿಟ್ಟ. ಬಿಸಿ. ಮೆತ್ತಗೆ. ಒದ್ದೆ. ಖಾರ ತುಟಿಯನ್ನು ಸುಟ್ಟಿತು. ನೋಡಿ ತಿಳಿಯಲು ಇಲ್ಲಿ ಬಣ್ಣವಿರಲಿಲ್ಲ, ಪೊಟ್ಟಣವಿರಲಿಲ್ಲ, ಹೊಗೆಕೊಳವೆ ಇರಲಿಲ್ಲ. ಅಕ್ಕನ ಮುಖವೊಂದಿತ್ತು, ಅದೂ ಅವನ ಮುಖವನ್ನೇ ನೋಡುತ್ತಿತ್ತು. ಹೆಂಗಸರ ಅನುಮಾನ, ಬಸುರಿಯ ಮೂಗು ಎಂದುಕೊಂಡ. ದಿನವಿಡೀ ಗೆದ್ದವನಿಗೆ ಸೋಲು ನೆನಪಾಗುವುದಿಲ್ಲ.

"ಅಕ್ಕ," ಎಂದ, "ಇಷ್ಟು ಚೆನ್ನಾಗಿ ನೀನು ಯಾವತ್ತೂ ಮಾಡಿರಲಿಲ್ಲ. ಆಯ್ತು, ಶುರು ಮಾಡಿ."

ಅಕ್ಕ ಉಸಿರು ಬಿಟ್ಟಳು. ಚಮಚಗಳು ಒಟ್ಟಿಗೆ ಸದ್ದು ಮಾಡಿದವು. ಮೇಷ್ಟ್ರು ಮೊದಲ ತುತ್ತಿಗೆ ಒಂದು ಕ್ಷಣ ತಡೆದರು. ಆಮೇಲೆ ತಮ್ಮ ಬಾಯಿಯೇ ಸರಿಯಿಲ್ಲ ಎಂಬಂತೆ ನಾಚಿ ಇನ್ನೊಂದು ತುತ್ತಿಟ್ಟರು. ಬೇಕರಿಯವನು "ಆಹಾ" ಎಂದ. ಬಸುರಿ ಮೂಗು ಹಿಡಿದು ನುಂಗಿ, ನಕ್ಕಳು. ಅಕ್ಕ ಕೊನೆಗೆ ಕೂತು, ತಿಂದು, ಎರಡು ಸಲ ಅಗಿದು, "ವಯಸ್ಸಾಯ್ತು ನಂಗೆ. ಸುಮ್ ಸುಮ್ನೆ ಹೆದರ್ಕೊಂಡಿದ್ದೆ," ಎಂದಳು. ಅವನು ಎರಡನೆಯ ಸಲ ಹಾಕಿಸಿಕೊಂಡ. ಜೀವನದಲ್ಲಿ ಇಷ್ಟು ಸುಖವಾಗಿ ಅವನು ಎಂದೂ ಕೂತಿರಲಿಲ್ಲ.

ನೀರಡಿಕೆಯಾಯಿತು. "ತಣ್ಣೀರು ನಾನೇ ತರ್ತೀನಿ, ಕೂತ್ಕೋ ಅಕ್ಕ," ಎಂದು ಅಡುಗೆಮನೆಗೆ ಹೋಗಿ ಕತ್ತಲಲ್ಲೇ ಫ್ರಿಜ್ಜಿನ ಬಾಗಿಲು ತೆರೆದು ಬಾಟಲಿ ಎತ್ತಿದ.

ಬಾಟಲಿ ಅವನ ಅಂಗೈಯಷ್ಟೇ ಬೆಚ್ಚಗಿತ್ತು.

ಅವನು ದೀಪ ಹಾಕಿದ. ಕಟ್ಟೆಯ ಮೇಲೆ ಹೊಸ ಕೆಟಲ್ ಫಳಫಳ ಹೊಳೆಯುತ್ತ ನಿಂತಿತ್ತು. ಅದರ ವೈರು ಗೋಡೆಗೆ ಹೋಗಿತ್ತು. ಇನ್ನೊಂದು ವೈರು ಫ್ರಿಜ್ಜಿನ ಹಿಂದಿನಿಂದ ಬಂದು ನೆಲದ ಮೇಲೆ, ಬೆಳಿಗ್ಗೆ ಅವನ ಕೈ ಬಿಟ್ಟ ಜಾಗದಲ್ಲೇ, ಬಿದ್ದಿತ್ತು.

ಅವನಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು.

"ಮಾವ," ಮೇಜಿನ ಕಡೆಯಿಂದ ಬಸುರಿಯ ದನಿ ಬಂತು, ಬಾಯಿ ತುಂಬಿದ ದನಿ. "ಇನ್ನೊಂದು ತುಂಡು ಹಾಕ್ಕೊಂಡೆ! ನಿಮ್ಮ ಮಾತು ನಂಬಿ!"

ಥೂ ಎಂದರೆ ಸಾಕಿತ್ತು. ಬೆನ್ನಿಗೆ ಗುದ್ದು ಬೀಳುತ್ತದೆಂದು ಗೊತ್ತಿಲ್ಲದ ಹುಡುಗನೊಬ್ಬ ಒಂದು ಕಾಲದಲ್ಲಿ ಹಾಗೆ ಅಂದಿದ್ದ. ಅವನು ಬಾಯಿ ತೆರೆದ. ನಾಲಿಗೆ ಎಲ್ಲಿದೆ ಎಂದು ಹುಡುಕಿದ.

"ಬಾರೋ, ಏನ್ಮಾಡ್ತಿದೀಯ?" ಅಕ್ಕ ಕೂಗಿದಳು. "ನೀನಿಲ್ದೆ ರುಚಿನೇ ಇಲ್ಲ."

ಅವನ ಕೈ ತಾನಾಗಿ ಕೆಟಲ್ಲಿನ ಪ್ಲಗ್ಗನ್ನು ಕಿತ್ತಿತು, ನೆಲದ ಮೇಲಿದ್ದದ್ದನ್ನು ಎತ್ತಿ ಅಲ್ಲಿಗೆ ಚುಚ್ಚಿತು. ಫ್ರಿಜ್ಜು ಒಮ್ಮೆ ನಡುಗಿ ಗುಂಯ್ ಎಂದು ಶುರುವಾಯಿತು. ಬಲ್ಬ್ ಹೋಗಿರಲಿಲ್ಲ. ಬಿಳಿಯ ಬೆಳಕು ಖಾಲಿ ಅರೆಗಳ ಮೇಲೆ, ಮೀನಿನ ಪಾತ್ರೆ ಬಿಟ್ಟುಹೋದ ಒದ್ದೆ ಉಂಗುರದ ಮೇಲೆ ಬಿತ್ತು. ಹೊರಗೆ ಯಾರೋ ಮತ್ತೆ ಗ್ಲಾಸೆತ್ತಿ ಅವನ ಹೆಸರು ಕೂಗಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ತೆರೆದ ಬಾಗಿಲ ಮುಂದೆ ನಿಂತೇ ಇದ್ದ. ಕಾಪಾಡಲು ಏನೂ ಉಳಿಯದ ಆ ಪೆಟ್ಟಿಗೆ ಅವನೆದುರು ನಿಧಾನವಾಗಿ ತಣ್ಣಗಾಗತೊಡಗಿತು.