ಸಾಹೇಬನ ಕೆರೆತ

ತಮ್ಮ ಹೋದ ಸುದ್ದಿ ಬಂದಾಗ ಲಾಂಡ್ರಿ ಅಕ್ಕ ಯಾರದೋ ಬಿಳಿ ಅಂಗಿಯ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಕಾವಲಿದ್ದ ಗೋದಾಮಿನ ಮ್ಯಾನೇಜರು ಫೋನಿನಲ್ಲಿ, "ಅಮ್ಮಾ, ನಿಮ್ಮ ತಮ್ಮ ಬೆಳಿಗ್ಗೆ ಕುರ್ಚಿಯಿಂದ ಏಳಲೇ ಇಲ್ಲ" ಎಂದರು. ಅಂಗಿ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಇದ್ದದ್ದು ಅವಳಿಗೆ ನೆನಪಾಯಿತು.

ಗಂಡನನ್ನು ಕರೆದುಕೊಂಡು ಓಡಿದಳು. ತಮ್ಮ ಇನ್ನೂ ಆ ಕುರ್ಚಿಯಲ್ಲೇ ಇದ್ದ, ಕೂತಲ್ಲೇ ನಿದ್ದೆ ಹತ್ತಿದವನ ಹಾಗೆ ಕತ್ತು ವಾಲಿಸಿಕೊಂಡು. ಕಾಲ ಬುಡದಲ್ಲಿ ಅವನು ಸಾಕಿದ ನಾಯಿ. ಹಗಲೆಲ್ಲ ಮಲಗಿ ರಾತ್ರಿಯೂ ಮಲಗುತ್ತಿದ್ದುದರಿಂದ ತಮ್ಮ ಅದನ್ನು ಸಾಹೇಬ ಎಂದು ಕರೆಯುತ್ತಿದ್ದ. ಅಕ್ಕ ಅಳಲು ಬಾಯಿ ತೆರೆದಳು. ಸಾಹೇಬ ಹಿಂಗಾಲೆತ್ತಿ ಪರಪರ ಕೆರೆದುಕೊಂಡಿತು. ಮೈಯಿಂದ ಉದುರಿದ ಹೊಟ್ಟು ತಮ್ಮನ ಬೂಟಿನ ಮೇಲೆಲ್ಲ ಬಿದ್ದಿತ್ತು. ಕಣ್ಣೀರು ಬರುವ ಮೊದಲೇ ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ತಮ್ಮನಿಗೆ ಹೆಂಡತಿ ಮಕ್ಕಳಿರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ಮೇಲೆ ನೋಡಿದರೆ ಸಾಹೇಬ ಲಾಂಡ್ರಿಯ ವ್ಯಾನಿನಲ್ಲಿ ಕೂತಿತ್ತು.

"ಇದನ್ನ್ಯಾಕ್ರೀ ತಂದ್ರಿ?"

"ನಾನೆಲ್ಲಿ ತಂದೆ? ಬಾಗಿಲು ತೆಗೆದೆ, ಹತ್ತಿ ಕೂತ. ಸಾಹೇಬರಿಗೆ ಇಳೀರಿ ಅನ್ನೋಕಾಗುತ್ತಾ?" ಎಂದರು ಯಜಮಾನರು.

ಅಕ್ಕನ ಮಡಿ ಆ ಬೀದಿಗೆಲ್ಲ ಗೊತ್ತು. ಒಗೆದ ಬಟ್ಟೆಯನ್ನು ಒಗೆಯದ ಬಟ್ಟೆ ಮುಟ್ಟಿದರೆ ಎರಡನ್ನೂ ಮತ್ತೆ ನೀರಿಗೆ ಹಾಕುವವಳು. ಅಂಥವಳ ಮನೆಯೊಳಗೆ ಈ ಪ್ರಾಣಿ. ಬಾಲದ ಬುಡದಲ್ಲಿ ಕೂದಲುದುರಿ ಕೆಂಪು ತೊಗಲು ಕಾಣುತ್ತಿತ್ತು. ಹೊಟ್ಟೆಯ ತುಂಬ ಹಕ್ಕಳೆ, ಕೆರೆದಲ್ಲೆಲ್ಲ ಜಿನುಗುವ ನೀರು. ಕಿವಿಯೊಳಗೆ ಕಪ್ಪು ಅಂಟು. ವಾರಗಟ್ಟಲೆ ಬಕೆಟ್ಟಿನಲ್ಲೇ ಮರೆತ ಹಸಿ ಬಟ್ಟೆಯ ಕಮಟು. ಪಶುವೈದ್ಯರಲ್ಲಿಗೆ ಕರೆದೊಯ್ದರು. ಅವರು ಬೆನ್ನನ್ನು ಹತ್ತಿಯಲ್ಲಿ ಒರೆಸಿದಾಗ ಹತ್ತಿಗೆ ಹತ್ತಿದ ಕಪ್ಪು ಪುಡಿ ನೀರಿನಲ್ಲಿ ಕೆಂಪಾಗಿ ಹರಡಿತು. ಅದು ಚಿಗಟದ ಹೇಲು, ಅವು ಕುಡಿದ ನಾಯಿಯದೇ ರಕ್ತ, ಎಂದು ಅವರು ಹೇಳಿದಾಗ ಅಕ್ಕ ಆಚೆ ಹೋಗಿ ವಾಂತಿ ಮಾಡಿ ಬಂದಳು.

ವೈದ್ಯರು ಹೆಗಲ ನಡುವೆ ಔಷಧಿಯ ಹನಿ ಹಾಕಿದರು. "ಚಿಗಟ ಸಾಯ್ತವೆ. ಕೆರೆತ ಕಡಿಮೆಯಾಗೋಕೆ ಸ್ವಲ್ಪ ದಿನ ಬೇಕು. ಸೋಪು ಜಾಸ್ತಿ ಬೇಡ. ಓಟ್ಸ್ ನೆನೆಸಿ ಹಿಂಡಿದ ನೀರು ಹಾಕಿ, ಉರಿ ತಣಿಯುತ್ತೆ" ಎಂದರು.

"ಓಟ್ಸಂತೆ!" ಎಂದಳು ಅಕ್ಕ ವ್ಯಾನಿನಲ್ಲಿ. "ಸಾಹೇಬರಿಗೆ ಸ್ನಾನಕ್ಕೆ ಓಟ್ಸು, ಕುಡಿಯೋಕೆ ಹಾಲು, ಮೈ ಒರೆಸೋಕೆ ನಾನು!"

ಕೊಳೆ ಕಂಡರೆ ಅವಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಹೋಟೆಲಿನ ಹಾಸಿಗೆಬಟ್ಟೆಗೆ ಹಾಕುವ ಸೋಪನ್ನೇ ಹಾಕಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಾಯಿಯನ್ನು ದಿನವೂ ತಿಕ್ಕಿದಳು. ತಮ್ಮನ ಹಳೆಯ ಕಂಬಳಿ ಬಿಟ್ಟು ಬೇರೆಲ್ಲೂ ಅದು ಮಲಗದು. ಆ ಕಂಬಳಿಗೂ ಅದೇ ಸೋಪು, ಸೋಡಾ, ಮೇಲೆ ಪರಿಮಳ. ಚಿಗಟವೇನೋ ಕಾಣದಾದವು, ಕೆರೆತ ಮಾತ್ರ ಇಮ್ಮಡಿಯಾಯಿತು. ಸಂಜೆ ತಮ್ಮನಿಗಾಗಿ ದೇವರ ಮುಂದೆ ಕೂತರೆ ಹಿಂದಿನಿಂದ ಪರಪರ, ಆಮೇಲೆ ನೆಕ್ಕುವ ಲೊಚಲೊಚ. ತಮ್ಮನ ಮುಖ ನೆನೆಯಲು ಹೋದರೆ ಕಣ್ಣೆದುರು ಬರುವುದು ಆ ಹಕ್ಕಳೆಯ ಹೊಟ್ಟೆ. ಅವನು ಹೋದ ಮೇಲೆ ಅವಳಿಗೆ ಒಂದು ಪ್ರಾರ್ಥನೆಯನ್ನೂ ಕೊನೆ ಮುಟ್ಟಿಸಲಾಗಿರಲಿಲ್ಲ.

ಒಂದು ದಿನ ಗಿರಾಕಿ ಹೆಂಗಸೊಬ್ಬಳು ಮಡಿಸಿದ ಸೀರೆಯಿಂದ ನಾಯಿಕೂದಲು ಎತ್ತಿ ತೋರಿಸಿದಳು. ಅಕ್ಕನ ಮಾನವೇ ಹೋಯಿತು.

"ಫೋನ್ ಮಾಡ್ರೀ, ದಿಕ್ಕಿಲ್ಲದ ನಾಯಿಗಳನ್ನ ಸಾಕ್ತಾರಲ್ಲ, ಆ ನಾಯಿಮನೆಯವ್ರಿಗೆ. ಬಂದು ಕರ್ಕೊಂಡು ಹೋಗ್ಲಿ."

"ನಿನ್ನ ತಮ್ಮನದು ಕಣೇ."

"ಗೊತ್ತು. ಅವನು ಕೆರ್ಕೊಳ್ತಿರಲಿಲ್ಲ."

ಯಜಮಾನರು ನಗಲಿಲ್ಲ. ಫೋನ್ ಮಾಡಿದರು. ಮಾರನೆಯ ದಿನವೇ ಗಾಡಿ ಬರುತ್ತದೆಂದಾಯಿತು.

ಮರುದಿನ ಬೆಳಿಗ್ಗೆ, ಕಳಿಸುವ ನಾಯಿಯನ್ನು ಗಲೀಜಾಗಿ ಕಳಿಸಬಾರದೆಂದು ಅಕ್ಕ ಅದನ್ನು ನಲ್ಲಿಯ ಕೆಳಗೆ ನಿಲ್ಲಿಸಿದಳು. ಸೋಪಿನ ಡಬ್ಬ ಒಳಗೇ ಉಳಿದಿತ್ತು. ತರುವ ಮೊದಲು ಬೆನ್ನ ಮೇಲೆ ಒಂದು ಚೊಂಬು ಬರೀ ನೀರು ಸುರಿದು ಕೈಯಾಡಿಸಿದಳು. ಬೆರಳು ಜಾರಿತು. ಇನ್ನೊಂದು ಚೊಂಬು ಸುರಿದಳು. ಬೆನ್ನ ಮೇಲೆ ಬೆಳ್ಳಗೆ ನೊರೆ ಎದ್ದಿತು.

ಅಕ್ಕ ಬೆರಳಿಗೆ ಬೆರಳು ಉಜ್ಜಿ ನೋಡಿದಳು. ಆ ಜಾರು ಅವಳ ಕೈಗೆ ಚೆನ್ನಾಗಿ ಗೊತ್ತು. ಜಾಲಿಸಿದ ಬಟ್ಟೆಯಲ್ಲಿ ಅದಿದ್ದರೆ ಅಂಗಡಿಯಿಂದ ಆಚೆ ಬಿಡುವವಳಲ್ಲ ಅವಳು. ಕೂಸಿನ ಬಟ್ಟೆಗಂತೂ ಸೋಡಾ ಇಲ್ಲ, ಪರಿಮಳ ಇಲ್ಲ, ನೀರು ನೀರಾಗಿಯೇ ಇಳಿಯುವ ತನಕ ಜಾಲಿಸಬೇಕು. ತಾಯಿ ಕಲಿಸಿದ ರೀತಿ ಅದು. ಹಾಗೆ ಅವಳು ಮೊದಲು ಒಗೆದದ್ದು ಈ ತಮ್ಮನ ಬಟ್ಟೆಯನ್ನೇ. ನಾಯಿಯ ಮೈ ಎಂಬ ಹೇಸಿಗೆಗೆ, ಬೇಗ ಮುಗಿಸಿ ಕೈ ತೊಳೆದುಕೊಳ್ಳುವ ಅವಸರದಲ್ಲಿ, ಅವಳು ಒಂದು ದಿನವೂ ನೆಟ್ಟಗೆ ಜಾಲಿಸಿರಲಿಲ್ಲ. ಇಷ್ಟು ದಿನವೂ ಆ ಮೈಯನ್ನು ಉರಿಸಿದ್ದು ಅವಳದೇ ಸೋಪು.

"ರೀ, ಓಟ್ಸ್ ಇದೆಯಾ ಮನೇಲಿ?"

"ಯಾಕೆ, ಸಾಹೇಬರ ತಿಂಡಿಗಾ?"

"ಮಾತು ಸಾಕು, ನೆನೆಸಿ ತನ್ನಿ."

ಉಗುರುಬೆಚ್ಚಗಿನ ನೀರು ಸುರಿದೂ ಸುರಿದೂ ನೊರೆ ಇಳಿಸಿದಳು. ಕೂದಲು ಬೆರಳಿಗೆ ಜಾರದೆ ತಡೆಯುವವರೆಗೂ ಬಿಡಲಿಲ್ಲ. ಓಟ್ಸನ್ನು ತೆಳುಬಟ್ಟೆಯಲ್ಲಿ ಹಿಂಡಿ, ಆ ಬಿಳಿ ನೀರನ್ನು ಹೊಟ್ಟೆಗೆ, ತೊಡೆಸಂದಿಗೆ, ಬಾಲದ ಬುಡಕ್ಕೆ ಹಾಕಿ ಸ್ವಲ್ಪ ಹೊತ್ತು ಬಿಟ್ಟಳು. ನೆನೆದ ಹಕ್ಕಳೆ ಅಂಗೈಗೆ ಅಂಟಿಕೊಂಡು ಬಂತು. ಕೈ ತೊಳೆಯಲು ಎದ್ದು ಹೋಗದೆ ಅದನ್ನು ಅಲ್ಲೇ ನೀರಿನಲ್ಲಿ ಬಿಡಿಸಿಕೊಂಡಳು. ಮತ್ತೆ ಜಾಲಿಸಿ, ಉಜ್ಜದೆ ಬರೀ ಒತ್ತಿ ಒರೆಸಿದಳು, ರೇಷ್ಮೆಯನ್ನು ಒತ್ತುವ ಹಾಗೆ. ಸಾಹೇಬ ಮೈ ಕೊಡವಿ ಅವಳ ಮುಖಕ್ಕೆಲ್ಲ ಎರಚಿತು.

"ಥೂ, ನಿನ್ನ!" ಎಂದಳು ಅಕ್ಕ. ತುಟಿಗೂ ಬಿದ್ದಿತ್ತು.

ಗಾಡಿ ಬಂದಾಗ ಯಜಮಾನರು ಹೆಂಡತಿಯ ಮುಖ ನೋಡಿದರು. ಅವಳು ಕಂಬಳಿಯನ್ನು ಬರೀ ನೀರಿನಲ್ಲಿ ಅದ್ದುತ್ತ, ತಲೆಯೆತ್ತದೆ, "ಬೇಡ ಅನ್ನಿ. ಒಗೆಯೋದು ಇನ್ನೂ ಮುಗಿದಿಲ್ಲ" ಎಂದಳು.

ಕೆರೆತ ಒಂದೇ ಸಲಕ್ಕೆ ನಿಲ್ಲಲಿಲ್ಲ. ಆದರೆ ಆ ಸಂಜೆ, ಒಣಗಿದ ಕಂಬಳಿಯ ಮೇಲೆ, ಸಾಹೇಬ ಎರಡು ಸಲ ಕಾಲೆತ್ತಿ, ಮರೆತ ಹಾಗೆ ಇಳಿಸಿ, ಮಲಗಿಬಿಟ್ಟಿತು. ಮನೆ ನಿಶ್ಶಬ್ದವಾಯಿತು. ಅಕ್ಕ ಮತ್ತೊಮ್ಮೆ ಕೈ ತೊಳೆದುಕೊಂಡು, ಮೂಸಿ ನೋಡಿಕೊಂಡಳು. ನಾತ ಇನ್ನೂ ಇತ್ತು. ಆ ಕೈಗಳನ್ನೇ ಜೋಡಿಸಿಕೊಂಡು ದೇವರ ಮುಂದೆ ಕೂತಳು. ತಮ್ಮನ ಮುಖ ತಾನಾಗಿಯೇ ಬಂತು.

"ಸ್ವಾಮೀ, ನನ್ನ ತಮ್ಮ ರಾತ್ರಿಯೆಲ್ಲ ಎದ್ದಿದ್ದು ಬೇರೆಯವರ ಸರಕು ಕಾದವನು. ಇನ್ನು ಅವನು ಕಣ್ಣು ಮುಚ್ಚಲಿ. ಮೈಯಲ್ಲಿ ಉರಿ ಇಲ್ಲದ ಹಾಗೆ, ಮನಸ್ಸಿನಲ್ಲಿ ನವೆ ಇಲ್ಲದ ಹಾಗೆ, ನಿನ್ನ ಮಡಿಲಲ್ಲಿ ನಿದ್ದೆ ಕೊಡು. ಅವನು ಬಿಟ್ಟುಹೋದದ್ದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಅವನನ್ನು ನೋಡಿಕೋ, ತಂದೆ."